ಅಕ್ಕನನ್ನು ಬಾವಿಗೆ ಹಾಕಿದ ಟಾಕಿ

ನಮ್ಮಕ್ಕನ ಕೊಲೆಯನ್ನು ಮದರಾಸಿನವರು ಟಾಕಿ ಮಾಡಿದ್ದಾರಂತೆ, ಅದು ಮಧುಗಿರಿಗೂ ಬರುತ್ತಂತೆ ಎಂದು ಪಕ್ಕದ ಮನೆಯ ರಾಜಲಕ್ಷ್ಮಮ್ಮ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿ ಹೇಳಿದಾಗ ನಾನು ರಾಗಿ ಕೇರುತ್ತಿದ್ದೆ. ಮೊರ ಕೈಯಿಂದ ಜಾರಿತು. ಆಮೇಲೆ ಸಿಟ್ಟು ಬಂತು. ಸತ್ತವಳು ನಮ್ಮ ಮನೆಯ ಹೆಣ್ಣು, ಅತ್ತು ಅತ್ತು ಪ್ರಾಣ ಬಿಟ್ಟವಳು ನಮ್ಮವ್ವ. ಅದನ್ನು ಡೇರೆಯೊಳಗೆ ಟಿಕೆಟ್ಟಿಟ್ಟು ತೋರಿಸುವುದಕ್ಕೆ ಇವರು ಯಾರಪ್ಪ?

"ಹೆಸರುಗಳನ್ನೆಲ್ಲ ಬದಲಾಯಿಸಿದಾರಂತೆ ಕಣ್ರೀ ಕಮಲಾಕ್ಷಮ್ಮ," ಎಂದಳು ರಾಜಲಕ್ಷ್ಮಮ್ಮ. "ತೆಲುಗು ಟಾಕಿ. ಆದ್ರೆ ಕಥೆ ನಿಮ್ಮ ಮನೇದೇ ಅಂತೆ. ಕೋರ್ಟಲ್ಲೆಲ್ಲ ಅದೇ ಮಾತು."

ಅವಳ ಗಂಡ ಕೋರ್ಟಿನಲ್ಲಿ ಗುಮಾಸ್ತ. ಅಲ್ಲಿ ಆಡಿದ ಮಾತು ಸಂಜೆಯೊಳಗೆ ನಮ್ಮ ಹಿತ್ತಲಿಗೆ ಬಂದೇ ಬರುತ್ತಿತ್ತು.

ಕಥೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಊರು ಸಿರಾ ತಾಲ್ಲೂಕಿನ ಹುಲಿಕುಂಟೆ. ನಮ್ಮಕ್ಕ ಸರೋಜಮ್ಮನನ್ನು ಮಧುಗಿರಿ ಪೇಟೆಯ ಜವಳಿ ಅಂಗಡಿ ಶಂಕರಲಿಂಗಪ್ಪನವರಿಗೆ ಕೊಟ್ಟಿದ್ದರು. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಅಕ್ಕ ಮನೆಯಲ್ಲಿಲ್ಲ. ಕೊಟ್ಟಿಗೆಯಲ್ಲಿ ರಕ್ತ ಮೆತ್ತಿದ ಅವಳ ಸೀರೆ ಸಿಕ್ಕಿತು. ಮನೆಯಾಳು ಚಿಕ್ಕರಂಗಯ್ಯನ ಗುಡಿಸಲಿನ ಸೂರಿನಲ್ಲಿ ಅವಳ ಬಳೆ, ಓಲೆ, ಸರ ಸಿಕ್ಕವು. ಒಡವೆಯ ಆಸೆಗೆ ಕೊಂದು ಹೆಣವನ್ನು ಯಾವುದೋ ಹಾಳು ಬಾವಿಗೆ ಹಾಕಿದ್ದಾನೆ ಎಂದು ಕೋರ್ಟು ಹೇಳಿತು. ಎಷ್ಟು ಹೊಡೆದರೂ ಅವನು ಬಾವಿ ತೋರಿಸಲಿಲ್ಲ, ತಾನು ಕೊಂದೆ ಎಂದೂ ಒಪ್ಪಲಿಲ್ಲ. ಹೆಣ ಸಿಗಲೇ ಇಲ್ಲ. ಅವನಿಗೆ ಜೀವಾವಧಿ ಆಯಿತು.

ಆಮೇಲೆ ನಮ್ಮವ್ವ, ಅಕ್ಕನ ದೀಪ ಆರಿದ ಮನೆಯಲ್ಲಿ ತಂಗಿಯಾದರೂ ದೀಪ ಹಚ್ಚಲಿ ಅಂದಳು. ಭಾವ ಎಂದು ಕರೆಯುತ್ತಿದ್ದವರ ಕೈಯಿಂದ ತಾಳಿ ಕಟ್ಟಿಸಿಕೊಂಡೆ. ಅವ್ವ ಆ ಮಳೆಗಾಲ ದಾಟಲಿಲ್ಲ.

ನನ್ನ ಗಂಡ ಕೆಟ್ಟವರು ಎಂದು ಮಧುಗಿರಿಯಲ್ಲಿ ಒಬ್ಬರೂ ಅನ್ನುತ್ತಿರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ದಿನಕ್ಕೆ ಮೂರು ಹೊತ್ತು ಲಿಂಗಪೂಜೆ. ಪೂಜೆಯಾಗದೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ನನ್ನ ಮೇಲೆ ಒಂದು ದಿನವೂ ಕೈ ಮಾಡಲಿಲ್ಲ, ಗದರಲಿಲ್ಲ. ಆದರೂ ನನಗೆ ಅವರನ್ನು ಕಂಡರೆ ಭಯ. ಅವರ ಹೆಜ್ಜೆ ಸಪ್ಪಳ ಕೇಳಿದರೆ ನಮ್ಮತ್ತೆ ಚನ್ನಮಲ್ಲಮ್ಮ, ಹೆತ್ತ ತಾಯಿ, ಮಾತು ನಿಲ್ಲಿಸಿ ಮೂಲೆಗೆ ಸರಿಯುತ್ತಿದ್ದರು. ಯಾಕತ್ತೆ ಎಂದು ಕೇಳಿದರೆ, "ಏನಿಲ್ಲ ಕಣವ್ವ, ನೀನು ಒಲೆ ನೋಡು," ಅನ್ನುತ್ತಿದ್ದರು. ನಾನೂ ಒಲೆ ನೋಡುತ್ತಿದ್ದೆ.

ಬೆಟ್ಟದ ಕೆಳಗಿನ ಬಯಲಿನಲ್ಲಿ ಡೇರೆ ಎದ್ದಿತು. ಯುದ್ಧದ ಕಾಲ, ದೀಪಕ್ಕೆ ಸೀಮೆಎಣ್ಣೆ ಸಿಗದೆ ಜನ ಪರದಾಡುತ್ತಿದ್ದರೂ ಟಾಕಿಗೆ ಮಾತ್ರ ಜಾತ್ರೆ. ಕೊಡಿಗೇನಹಳ್ಳಿಯಿಂದ, ಪಾವಗಡದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ನಾನು ಹೋಗಬಾರದು ಅಂದುಕೊಂಡಿದ್ದೆ. ನನ್ನ ಗಂಡ ತಾವೇ ಬಂದು, "ನಡಿ, ಏನು ತೋರಿಸ್ತಾರೋ ನೋಡೇಬುಡಾನ," ಅಂದರು.

ಡೇರೆಯ ಬಾಗಿಲಲ್ಲಿ ಚಿಕ್ಕರಂಗಯ್ಯನ ಹೆಂಡತಿ ಮುನಿಯಮ್ಮ ಕೂತಿದ್ದಳು. ಹೋಗುವವರು ಬರುವವರ ಕಾಲು ಹಿಡಿಯುತ್ತಿದ್ದಳು. "ನೋಡಬ್ಯಾಡ್ರಪ್ಪೋ! ನನ್ ಗಂಡ ಕೊಂದಿಲ್ಲ ಕಣ್ರಪ್ಪೋ! ಕಳ್ಳ ಆಗಿದ್ರೆ ಬೆಳ್ಳಿ ಕರಡಿಗೇನ ಬುಟ್ಟುಬುಡ್ತಿದ್ನಾ?"

ಕರಡಿಗೆ ಎಂದರೆ ನಾವು ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಭರಣಿ. ಅಕ್ಕನದು ತೂಕದ್ದು. ಹೌದಲ್ಲ, ಅದು ಒಡವೆಗಳ ಜೊತೆ ಸಿಗಲಿಲ್ಲ ಎಂದು ನನಗೆ ಆವತ್ತೇ ಮೊದಲು ಹೊಳೆದಿದ್ದು. ಅವರು ನನ್ನ ತೋಳು ಹಿಡಿದು ಒಳಕ್ಕೆ ನೂಕಿದರು.

ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಬಟ್ಟೆಯ ಪರದೆ. ನಾನು ರಾಜಲಕ್ಷ್ಮಮ್ಮನ ಪಕ್ಕ ಕೂತೆ. ನೋಡಿದರೆ ಏನಿದೆ ಅಲ್ಲಿ? ಅಕ್ಕನಾಗಿ ಬಂದವಳು ಜರಿ ಸೀರೆ ಉಟ್ಟುಕೊಂಡು ಹೂದೋಟದಲ್ಲಿ ಹಾಡುತ್ತಾಳೆ! ನಮ್ಮಕ್ಕ ಹುಟ್ಟಿದಾಗಿನಿಂದ ಹಾಡಿದವಳಲ್ಲ. ಎಮ್ಮೆ ಮೇವಿನ ಬಣವೆಗೆ ಬಾಯಿ ಹಾಕಿದರೆ ಮಾತ್ರ ರಾಗವಾಗಿ ಬೈಯುತ್ತಿದ್ದಳು. ಕೊರಳಲ್ಲಿ ಲಿಂಗವೂ ಇಲ್ಲ, ಹಣೆಯಲ್ಲಿ ವಿಭೂತಿಯೂ ಇಲ್ಲ. ಇದು ಯಾರದೋ ಮನೆಯ ಕಥೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಮೀಸೆಯ ಆಳು ಬಂದ, ಕತ್ತು ಹಿಸುಕಿದ, ಅವಳ ಕಾಲು ಹಿಡಿದು ದರದರ ಎಳೆದುಕೊಂಡು ಹೋಗಿ ಬಾವಿಗೆ ಎಸೆದ. ಧಡಾರ್ ಎಂದು ನೀರು ಹಾರಿತು. ಹೆಂಗಸರೆಲ್ಲ ಕಿರುಚಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅದೇ ಗಳಿಗೆಯಲ್ಲಿ ಗಂಡಸರ ಕಡೆಯಿಂದ ಒಂದು ಕೂಗು ಬಂತು. "ಸುಳ್ಳು! ಇದು ಸುಳ್ಳು ಕಣ್ರೋ! ಸುಳ್ಳು ತೋರಿಸ್ತಾವ್ರೆ!"

ನನ್ನ ಗಂಡನ ದನಿ. ಒಂದು ದಿನವೂ ಏರಿದ್ದು ಕೇಳದ ದನಿ.

ಜನ ತಿರುಗಿ ನೋಡಿದರು. ಯಾರೋ, "ಪಾಪ, ಹೆಂಡ್ತೀನ ಕಳ್ಕೊಂಡೋರು," ಅಂದರು. ರಾಜಲಕ್ಷ್ಮಮ್ಮ ಕಣ್ಣೊರೆಸಿಕೊಂಡು, "ಇಂಥ ಗಂಡ ಯಾರಿಗೆ ಸಿಗ್ತಾರೆ ಹೇಳಿ," ಅಂದಳು. ನನಗೂ ಹಾಗೇ ಅನ್ನಿಸಿತು. ದೇವರಾಣೆ ಹಾಗೇ ಅನ್ನಿಸಿತು.

ಮರುದಿನವೂ ಅವರು ಹೋದರು. ಅದರ ಮರುದಿನವೂ ಹೋದರು. ಬಾವಿಗೆ ಹಾಕುವುದು ಬಂದಾಗಲೆಲ್ಲ ಎದ್ದು ಕೂಗುತ್ತಿದ್ದರಂತೆ. ಡೇರೆಯ ಯಜಮಾನ ಮನೆಗೇ ಬಂದು ಕೈ ಮುಗಿದ. "ಆ ಬಾವೀದೊಂದು ಕತ್ತರಿಸಿಬುಡು, ನಿನ್ನ ದಮ್ಮಯ್ಯ," ಎಂದು ಇವರು ಅವನಿಗೇ ಕೈ ಮುಗಿದರು. ಜನ ಬರುವುದೇ ಅದನ್ನು ನೋಡೋಕೆ ಸ್ವಾಮಿ ಎಂದು ಅವನು ಹೊರಟು ಹೋದ. ಇವರು ಜಗಲಿಯ ಮೇಲೆ ಕೂತು ಒಬ್ಬರೇ ಗೊಣಗುತ್ತಿದ್ದರು. "ನೀರಿಗೆ ಹಾಕ್ತಾರಂತೆ. ನಮ್ಮೋರು ನೀರಿಗೆ ಹಾಕ್ತಾರಾ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕೂತ ಹಾಗೆಯೇ ಗುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ಅದಾಗದ ಜೀವಕ್ಕೆ ನೆಲೆಯಿಲ್ಲ ಎಂದು ನಮ್ಮವ್ವ ನಂಬಿದ್ದಳು. ಮಗಳು ಸತ್ತದ್ದಕ್ಕಿಂತ ಹೀಗೆ ಸತ್ತಳಲ್ಲ ಎನ್ನುವುದೇ ಅವಳನ್ನು ತಿಂದಿತು.

ಡೇರೆಯವನು ಬಂದು ಹೋದ ದಿನ ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಕೂತರು. ಮುದ್ದೆ, ಹುರುಳಿ ಸಾರು. ಬಡಿಸುತ್ತಿದ್ದಂತೆ ನನಗೆ ಅಳು ಉಕ್ಕಿ ಬಂತು.

"ಅವ್ವ ಸಾಯೋವಾಗ್ಲೂ ಅದೇ ಅಂತಿದ್ಲು ಕಣ್ರೀ. ನನ್ ಮಗಳಿಗೆ ಒಂದು ಹಿಡಿ ಮಣ್ಣು ಹಾಕಕಾಗ್ಲಿಲ್ಲ, ಒಂದು ಎಸಳು ಪತ್ರೆ ಇಡಕಾಗ್ಲಿಲ್ಲ, ನಾಯೀನ ಎಳೆದಂಗೆ ಎಳೆದು ನೀರಿಗಾಕ್ಬುಟ್ಟ ಅಂತ."

ಅವರು ತುತ್ತು ಕೆಳಗಿಟ್ಟರು. ನನ್ನನ್ನು ನೋಡಿದ ಕಣ್ಣಿನಲ್ಲಿ ನಿಜವಾದ ಮರುಕವಿತ್ತು.

"ಅಳಬ್ಯಾಡ ಕಮಲಿ," ಅಂದರು ಮೆಲ್ಲಗೆ. "ಅವಳಿಗೆ ಏನೂ ಕಮ್ಮಿ ಆಗಿಲ್ಲ. ಪದ್ಮಾಸನ ಹಾಕಿ ಕೂರ್ಸೈತೆ. ಎಡಗೈಲಿ ಲಿಂಗ ಐತೆ. ಸುತ್ತ ವಿಭೂತಿ ಗಟ್ಟಿ, ತಲೆಮಟ್ಟ ಪತ್ರೆ. ಕರಡಿಗೇನೂ ಪಕ್ಕದಾಗೇ ಮಡಗೈತೆ. ಹೆಣ್ಮಗಳನ್ನ ನೀರಿಗೆ ಎಸೆಯಾಕೆ ನಾನೇನು ಅಂಥೋನಾ?"

ಸಾರಿನ ಸೌಟು ನನ್ನ ಕೈಯಲ್ಲೇ ಇತ್ತು. ಅದು ಕೆಳಗೆ ಬೀಳಬಾರದು, ಅಷ್ಟೇ ನನಗೆ ಗೊತ್ತಿದ್ದದ್ದು. ಬಿದ್ದರೆ ನನಗೆ ಅರ್ಥವಾಯಿತು ಎಂದು ಅವರಿಗೆ ಅರ್ಥವಾಗುತ್ತದೆ. ಮೂಲೆಯಲ್ಲಿ ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡರು.

"ಮಜ್ಜಿಗೆ ಹಾಕ್ಲಾ?" ಅಂದೆ.

"ಹ್ಞೂಂ, ಹಾಕು."

ಮಜ್ಜಿಗೆ ಹಾಕಿದೆ. ಕುಡಿದರು. ಲೋಟ ಕೆಳಗಿಟ್ಟು, "ಕನಸಲ್ಲಿ ಕಂಡಿದ್ದು ಹೇಳ್ದೆ," ಅಂದರು.

"ಹೌದೇನ್ರೀ? ಒಳ್ಳೆ ಕನಸು ಬುಡಿ," ಅಂದೆ.

ಅವರು ನನ್ನನ್ನೇ ನೋಡುತ್ತ ಕೈ ತೊಳೆದರು. ನಾನು ಎಲೆ ಎತ್ತಿದೆ, ಗೋಮಯ ಹಚ್ಚಿದೆ. ಬೆನ್ನ ಮೇಲೆ ಆ ನೋಟ ಹಾಗೇ ಇತ್ತು. ಅವರು ಶಲ್ಯ ಹೊದ್ದು ಹೊರಟರು. "ಟಾಕಿ ನೋಡಾಕೆ ಎಲ್ಲೆಲ್ಲಿಂದ್ಲೋ ಪುಂಡರು ಬಂದವ್ರೆ, ನೀವು ಹೊರಗೆ ಬರಬ್ಯಾಡ್ರಿ," ಎಂದು ಹೇಳಿ, ತಲೆಬಾಗಿಲು ಎಳೆದುಕೊಂಡು ಹೊರಗಡೆಯಿಂದ ಬೀಗ ಹಾಕಿದರು. ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಆವತ್ತೇ ಮೊದಲು ಕಂಡದ್ದು.

ಹಿತ್ತಲಿಗೆ ಓಡಿದೆ. ಕಲ್ಲು ಹತ್ತಿ ಗೋಡೆಯ ಆಚೆ ನೋಡಿ ರಾಜಲಕ್ಷ್ಮಮ್ಮನನ್ನು ಕೂಗಿದೆ. ಅವರ ಹಿಂಬಾಗಿಲು ಹಾಕಿತ್ತು, ಗೋಡೆ ಹಾರಿದರೂ ಅಲ್ಲಿಂದ ಬೀದಿಗೆ ದಾರಿಯಿಲ್ಲ. ಬೆಳಗ್ಗೆ ತಾನೇ ಕೊರಟಗೆರೆಗೆ ಮಗಳ ಮನೆಗೆ ಹೋಗುತ್ತೇನೆ ಎಂದು ಹೇಳಿದ್ದಳು. ನನ್ನ ಹಾಳು ಹಣೆಬರಹ! ಊರಿನ ಸುದ್ದಿ ಹೇಳೋಕೆ ದಿನಾ ಇರುವವಳು ಆವತ್ತೊಂದು ದಿನ ಇರಬಾರದೇ? ಕಲ್ಲಿನಿಂದ ಇಳಿದು ತಿರುಗಿದೆ. ಎದುರಿಗೆ ಬಿಲ್ವದ ಕಟ್ಟೆ.

ಅಕ್ಕ ಹೋದ ಮೇಲೆ ಅವಳ ನೆನಪಿಗೆಂದು ಅವರೇ ನೆಟ್ಟ ಮರ. ಅವರೇ ಕಟ್ಟಿದ ಕಟ್ಟೆ. ಆಳು ಕರೆಯದೆ, ಗಾರೆಯವರನ್ನು ಕರೆಯದೆ ಒಬ್ಬರೇ ಕಟ್ಟಿದರು ಎಂದು ಊರೆಲ್ಲ ಹೊಗಳಿತ್ತು. ಬಚ್ಚಲ ಕಡೆಗೆ ಮುಖ ಮಾಡಿ ದೀಪ ಇಡುವ ಒಂದು ಗೂಡು. ದಿನಾ ಬೆಳಗ್ಗೆ ನಾನು ಅದರ ಮುಂದೆ ಸಾರಿಸಿ ರಂಗೋಲಿ ಇಡುತ್ತಿದ್ದೆ. ಗಿಡಕ್ಕೆ ಒಂದು ಕೊಡ ನೀರು ಹಾಕುತ್ತಿದ್ದೆ. ಅಯ್ಯೋ ಅಕ್ಕಾ, ನಿನ್ನ ನೆತ್ತಿಯ ಮೇಲೇ ಹಾಕುತ್ತಿದ್ದೆನಲ್ಲೇ! ನಾನು ಅಲ್ಲೇ ಕುಸಿದು ಕೂತೆ. ನೆಲ ಮುಟ್ಟಿದ ಅಂಗೈ ಎತ್ತುವುದಕ್ಕೆ ಆಗಲಿಲ್ಲ.

ಇನ್ನು ಮೇಲೆ ಅವನನ್ನು ಅವರು ಎಂದು ಕರೆಯಲಾರೆ.

ಅವನು ಬೇಗನೆ ಬಂದ. ಹೆಗಲಲ್ಲಿ ಬಟ್ಟೆಯ ಚೀಲ. ಅದನ್ನು ದೇವರ ಕೋಣೆಯಲ್ಲಿಟ್ಟು, ಒಳಗಿನಿಂದ ತಲೆಬಾಗಿಲ ಚಿಲಕ ಹಾಕಿ, ಅದಕ್ಕೆ ಬೀಗ ಜಡಿದು, ಕೀಲಿ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. ಗುದ್ದಲಿ ಹಿಡಿದು ಹಿತ್ತಲಿಗೆ ಹೋದ. "ಒಂಟಿ ಮರ ಚೆಂದ ಕಾಣಲ್ಲ ಕಮಲಿ. ಪಕ್ಕದಾಗೆ ಇನ್ನೊಂದು ಬಿಲ್ವ ನೆಡ್ತೀನಿ," ಅಂದ.

ಗುದ್ದಲಿಯ ಸದ್ದು ಶುರುವಾಯಿತು. ಅತ್ತೆ ದೇವರ ಕೋಣೆಗೆ ಹೋಗಿ ಚೀಲ ಬಿಚ್ಚಿ ನೋಡಿ, ಬಾಯಿ ಮುಚ್ಚಿಕೊಂಡು ಹೊರಗೆ ಬಂದರು. ನಾನೂ ನೋಡಿದೆ. ಹೊಸ ಬಿಳೀ ಬಟ್ಟೆ. ವಿಭೂತಿ ಗಟ್ಟಿಗಳು. ಒಂದು ರಾಶಿ ಬಿಲ್ವಪತ್ರೆ.

"ಆವತ್ತೂ ಇಂಗೇ ತಂದಿದ್ದ ಕಣವ್ವ," ಅಂದರು ಅತ್ತೆ.

"ಯಾವತ್ತು ಅತ್ತೆ?"

"ಸರೋಜಿ ಹೋಗೋ ಹಿಂದಿನ ದಿನ. ಮಠಕ್ಕೆ ಕೊಡಾಕೆ ಅಂದ. ಮಠಕ್ಕೆ ಕೊಡ್ಲೇ ಇಲ್ಲ. ಆಳಿನ ಜೊತೆ ನಕ್ಕೊಂಡು ಮಾತಾಡ್ತಾಳೆ ಅಂತ ಅವನಿಗೆ ಒಳಗೊಳಗೇ ಅನುಮಾನ. ಆ ಮಗ ಚಿಕ್ಕರಂಗ ಎಮ್ಮೆ ಬುಟ್ರೆ ಬ್ಯಾರೆ ಏನೂ ಅರಿಯದೋನು. ಒಡವೆ ಅವನ ಸೂರಿಗೆ ಹೆಂಗೆ ಹೋದ್ವು ಅಂತ ನಾನು ಕೇಳ್ಲಿಲ್ಲ." ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾನು ಏನೂ ನೋಡ್ಲಿಲ್ಲ. ನೋಡ್ಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಬುಟ್ಟೆ. ನನ್ನ ಮಗ ಕಣವ್ವ ಅವನು. ಹೆಂಗೆ ಹೇಳ್ಲಿ?"

ಬೈಯಬೇಕು ಅನ್ನಿಸಿತು. ಮುದುಕಿಯ ಕೂದಲು ಹಿಡಿದು ಕೇಳಬೇಕು ಅನ್ನಿಸಿತು. ಆದರೆ ಹಿತ್ತಲಲ್ಲಿ ಗುದ್ದಲಿ ಬೀಳುತ್ತಲೇ ಇತ್ತು. ಆ ಗುಣಿ ನನಗೆ. ನಾನು ಬದುಕಬೇಕು. ಹೇಗೆ?

ಸೂರ್ಯ ಬೆಟ್ಟದ ಹಿಂದಕ್ಕೆ ಸರಿಯುವ ಹೊತ್ತಿಗೆ ಅವನು ಒಳಗೆ ಬಂದ. ಮೈಯೆಲ್ಲ ಮಣ್ಣು. ಮುಖದಲ್ಲಿ ಸಿಟ್ಟಿಲ್ಲ, ಏನಿಲ್ಲ. ಹಬ್ಬದ ದಿನ ಕೆಲಸ ಹೇಳುವವರ ಹಾಗೆ, "ತಲೆಗೆ ನೀರು ಹಾಕ್ಕೊಂಬಾ. ಪೂಜೆ ಮಾಡ್ಕೊ. ಒಂದೊಳ್ಳೆ ಸೀರೆ ಉಟ್ಕೊ," ಅಂದ.

"ಯಾಕ್ರೀ?"

"ಸೋಮವಾರ ಅಲ್ವಾ."

ಆವತ್ತು ಸೋಮವಾರ ಆಗಿರಲಿಲ್ಲ.

ಬಚ್ಚಲಿಗೆ ಹೋದೆ. ಬಾಗಿಲ ಸಂದಿಯಿಂದ ಕಟ್ಟೆ ಕಾಣುತ್ತಿತ್ತು, ಅದರ ಪಕ್ಕದ ಗುಣಿಯೂ ಕಾಣುತ್ತಿತ್ತು. ಗಿಡ ನೆಡುವ ಗುಣಿಯಲ್ಲ. ಒಬ್ಬರು ಕೂರುವಷ್ಟು ಆಳ, ಒಂದು ಪಕ್ಕಕ್ಕೆ, ಹೆಣ ಕೂರಿಸುವುದಕ್ಕೆ, ಗೂಡಿನ ಹಾಗೆ ಕೊರೆದಿದ್ದ. ಎಷ್ಟು ಶ್ರದ್ಧೆ! ನನಗೆ ಆ ಶ್ರದ್ಧೆಯೇ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಇವನು ನನ್ನನ್ನು ಕೊಲ್ಲುತ್ತಾನೆ, ಕೊಂದು ಪದ್ಮಾಸನ ಹಾಕಿ ಕೂರಿಸುತ್ತಾನೆ, ಎಡಗೈಯಲ್ಲಿ ಲಿಂಗ ಇಡುತ್ತಾನೆ, ನಾಳೆಯಿಂದ ಎರಡು ಮರಕ್ಕೂ ಕೈ ಮುಗಿಯುತ್ತಾನೆ.

ಎಡಗೈಯಲ್ಲಿ ಲಿಂಗ.

ಕೈ ಕೊರಳಿಗೆ ಹೋಯಿತು. ಲಿಂಗವೇ ಇಲ್ಲದಿದ್ದರೆ? ಲಿಂಗ ಕಳೆದುಕೊಂಡವಳು ಅನ್ನ ಮುಟ್ಟುವ ಹಾಗಿಲ್ಲ, ನೀರು ಮುಟ್ಟುವ ಹಾಗಿಲ್ಲ, ಗುರುವಿನ ಹತ್ತಿರ ಹೋಗಿ ಮತ್ತೆ ಕಟ್ಟಿಸಿಕೊಳ್ಳುವವರೆಗೆ ಅವಳು ಯಾವುದಕ್ಕೂ ಸಲ್ಲುವವಳಲ್ಲ. ಅಂಥವಳನ್ನು ಇವನು ಗುಣಿಯಲ್ಲಿ ಕೂರಿಸಲಾರ. ಸಾಯಿಸಲೂ ಆರ. ಪೊಲೀಸಿಗೆ, ಕೋರ್ಟಿಗೆ, ಹೆತ್ತವಳ ಕಣ್ಣೀರಿಗೆ ಹೆದರದ ಇವನು ಇದೊಂದಕ್ಕೆ ಹೆದರುತ್ತಾನೆ.

ನಾನೂ ಹೆದರಿದೆ. ಚಿಕ್ಕವಳಿದ್ದಾಗ ನಮ್ಮೂರ ಮಠದ ಅಯ್ಯನವರು ಕಟ್ಟಿದ ಲಿಂಗ, ಜ್ವರದಲ್ಲೂ ಕೊರಳಿನಿಂದ ಇಳಿದದ್ದಿಲ್ಲ. ಲಿಂಗ ಕಟ್ಟಿದ ಶಿವದಾರದ ಗಂಟಿಗೆ ಬೆರಳು ಇಟ್ಟರೆ ಬೆರಳೇ ಮಾತು ಕೇಳಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ಶಿವನೇ, ತಪ್ಪಾದರೆ ಆಮೇಲೆ ಶಿಕ್ಷೆ ಕೊಡು, ಮೊದಲು ಜೀವ ಉಳಿಸು ಅಂದುಕೊಂಡು, ಬಗ್ಗಿ ಓಡಿ, ಕಟ್ಟೆಯ ದೀಪದ ಗೂಡಿನಲ್ಲಿ, ಒಳಗೆ, ಕೈ ಹೋಗುವಷ್ಟು ಹಿಂದಕ್ಕೆ ಇಟ್ಟೆ. ಅಕ್ಕಾ, ನೋಡಿಕೊಳ್ಳೇ ಅಂದೆ.

ಅಳು ಬರಿಸಿಕೊಳ್ಳಬೇಕಾಗಿರಲಿಲ್ಲ. ಬಂದೇ ಇತ್ತು. ತಲೆಗೆ ಒಂದು ಚೊಂಬು ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಓಡಿದೆ. "ರೀ! ನನ್ ಲಿಂಗ ಹೋಯ್ತು ಕಣ್ರೀ! ದಾರ ಕಿತ್ಕೊಂಡು ಎಲ್ಲಿ ಬಿತ್ತೋ ಕಾಣೆ!"

ಅವನ ಮುಖದ ಬಣ್ಣ ಇಳಿಯಿತು. "ಏನಂದೆ?"

ಹರಿದ ದಾರ ತೋರಿಸಿದೆ.

"ಬಾಯಿಗೆ ನೀರು ಹಾಕ್ಕೊಂಡ್ಯಾ?"

"ಇಲ್ಲ ರೀ."

"ಹಾಕ್ಕೋಬ್ಯಾಡ. ಉಗುಳೂ ನುಂಗಬ್ಯಾಡ," ಎಂದು ಬಚ್ಚಲಿಗೆ ಓಡಿದ. ಮಂಡಿಯೂರಿ ಮೋರಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕೆಸರನ್ನೆಲ್ಲ ಬಾಚಿ ಹುಡುಕಿದ. ಒಲೆಯ ಬೂದಿ ಕೆದಕಿದ. ತಾನೇ ತೋಡಿದ ಗುಣಿಗೆ ಇಳಿದು ಮಣ್ಣು ಜಾಲಾಡಿದ. ನಡುನಡುವೆ, "ಸಿಗುತ್ತೆ, ಹೆದರಬ್ಯಾಡ," ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಅಬ್ಬಾ, ಅವನ ಬಾಯಲ್ಲಿ ಆ ಮಾತು! ಹಾಗೇ ತೆವಳುತ್ತ ಕಟ್ಟೆಯ ಕಡೆಗೆ ಬಂದ.

ಅಷ್ಟರಲ್ಲಿ ಅತ್ತೆ ದೀಪ ಹಿಡಿದು ಬಂದರು. ಸಂಜೆಯ ದೀಪ ಗೂಡಿಗೆ ಇಡುವುದು ದಿನದ ಕೆಲಸ. ಬಗ್ಗಿದವರು ಒಂದು ಗಳಿಗೆ ಹಾಗೇ ನಿಂತರು. ಅವರಿಗೆ ಕಂಡಿತು ಎಂದು ನನಗೆ ಗೊತ್ತಾಯಿತು. ಇನ್ನೇನು ಮಗನನ್ನು ಕರೆಯುತ್ತಾರೆ, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅತ್ತೆ ದೀಪವನ್ನು ಗೂಡಿನ ಬಾಯಿಗೇ ಇಟ್ಟು, ಅದಕ್ಕೆ ಅಡ್ಡ ನಿಂತು ಕೈ ಮುಗಿದರು.

"ಸಿಗಲ್ಲ ಬುಡಪ್ಪ. ಮೋರಿ ನೀರಾಗೆ ಹೋಗೈತೆ," ಅಂದರು.

"ಮಠದ ಅಯ್ಯನೋರ್ನ ಇಲ್ಲಿಗೇ ಕರ್ಕೊಂಬತ್ತೀನಿ," ಅಂದ ಅವನು.

"ಲಿಂಗ ಕಳ್ಕೊಂಡೋಳು ದೇವರಿರೋ ಮನೇಲಿ ಕುಂತಿರಬಾರದು ಕಣಪ್ಪ. ನಿಮ್ಮಪ್ಪ ಇದ್ದಿದ್ರೆ ಈಟೊತ್ತಿಗೆ ಮಠಕ್ಕೆ ಕರ್ಕೊಂಡೋಗಿರೋರು." ಮಗನಿಗೆ ಎದುರಾಗಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವನು ಗುಣಿ ನೋಡಿದ, ನನ್ನನ್ನು ನೋಡಿದ. ಉಡಿದಾರದಿಂದ ಕೀಲಿ ಕೈ ತೆಗೆದ.

ಪೇಟೆಯಲ್ಲಿ ಅವನು ನನ್ನ ಮಣಿಕಟ್ಟು ಬಿಡಲಿಲ್ಲ. ಅಂಗಡಿ ಮುಂದಿನ ಜನ ಎದ್ದು ಅವನಿಗೆ ನಮಸ್ಕಾರ ಮಾಡುತ್ತಿದ್ದರು. ಡೇರೆಯ ಕಡೆಯಿಂದ ಆ ಹೂದೋಟದ ಹಾಡು ಕೇಳುತ್ತಿತ್ತು. ಕೂಗಿಬಿಡಲೇ ಅಂದುಕೊಂಡೆ. ಏನೆಂದು ಕೂಗಲಿ? ಟಾಕಿ ನೋಡಿ ತಂಗಿಗೆ ಬುದ್ಧಿ ಕೆಟ್ಟಿದೆ ಅನ್ನುತ್ತಾರೆ. ಇವನು ಕಣ್ಣಲ್ಲಿ ನೀರು ತಂದುಕೊಂಡು ಹೌದು ಅನ್ನುತ್ತಾನೆ. ಅವರೇ ನಾಲ್ಕು ಜನ ನನ್ನನ್ನು ಹಿಡಿದು ಮನೆ ಸೇರಿಸುತ್ತಾರೆ. ಬಾಯಿ ಒಣಗಿತ್ತು. ಉಗುಳು ನುಂಗಿದರೂ ಇವನಿಗೆ ಗೊತ್ತಾಗುತ್ತದೆ ಅನ್ನುವಷ್ಟು ಹೆದರಿದ್ದೆ.

ಮಠದಲ್ಲಿ ಮರುಳಸಿದ್ದಯ್ಯನವರು ಸಂಜೆಯ ಪೂಜೆ ಮುಗಿಸಿ ಕೂತಿದ್ದರು. ವಯಸ್ಸಾದವರು, ಹೆಚ್ಚು ಮಾತಿಲ್ಲ. ಅವರ ತಲೆಯ ಮೇಲೆ ತೂಗುತ್ತಿದ್ದ ದೊಡ್ಡ ಗಂಟೆ ನನ್ನ ಗಂಡ ಮಾಡಿಸಿಕೊಟ್ಟದ್ದು. ಅದನ್ನು ನೋಡಿ ನನಗಿದ್ದ ಒಂದು ಧೈರ್ಯವೂ ಹೋಯಿತು. ಅವನು ಅಡ್ಡಬಿದ್ದು ವಿಷಯ ಹೇಳಿದ. "ಈಗ್ಲೇ ಕಟ್ಟಿಬುಡಿ ಬುದ್ಧಿ. ಪಾಪ, ನೀರೂ ಕುಡಿದಿಲ್ಲ."

ಲಿಂಗ ಕಟ್ಟುವಾಗ ಗುರು ಕಿವಿಯಲ್ಲಿ ಮಂತ್ರ ಹೇಳಬೇಕು. ಅದು ಬೇರೆ ಯಾರಿಗೂ ಕೇಳಬಾರದು, ತುಟಿ ಅಲುಗುವುದೂ ಕಾಣಬಾರದು. ಅದಕ್ಕೆ ಗುರು ಮತ್ತು ಶಿಷ್ಯರ ತಲೆಯ ಮೇಲೆ ಒಂದು ಬಟ್ಟೆ ಹೊದಿಸುತ್ತಾರೆ. ಅಯ್ಯನವರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವನೇ ಎದ್ದು ಬಂದು ತನ್ನ ಶಲ್ಯವನ್ನು ನಮ್ಮಿಬ್ಬರ ಮೇಲೆ ಹೊದಿಸಿ, ಕೈ ಮುಗಿದು ಪಕ್ಕದಲ್ಲೇ ಕೂತ. ಅವನ ಮಂಡಿ ನನ್ನ ಸೀರೆಗೆ ತಾಗುತ್ತಿತ್ತು.

ಅಯ್ಯನವರು ನನ್ನ ಬಲಗಿವಿಗೆ ಬಾಗಿದರು. ಅವರು ಬಾಯಿ ತೆರೆಯುವ ಮೊದಲು ನಾನು ಅವರ ಕಿವಿಗೆ ಬಾಯಿ ಹಚ್ಚಿದೆ.

"ಅಕ್ಕನ್ನ ಕೊಂದಿದ್ದು ಇವನೇ. ಬಿಲ್ವದ ಕಟ್ಟೆ ಕೆಳಗೆ ಕೂರಿಸಿದಾನೆ. ಪಕ್ಕದಾಗೆ ನನಗೂ ಗುಣಿ ತೋಡಿದಾನೆ. ಲಿಂಗ ಕಳೆದಿಲ್ಲ ಬುದ್ಧಿ, ನಾನೇ ಹರಿದು ಗೂಡಲ್ಲಿ ಇಟ್ಟು ಬಂದೆ. ನನ್ನ ಕಳಿಸಬೇಡಿ."

ಶಲ್ಯದೊಳಗೆ ಕತ್ತಲು. ಅಯ್ಯನವರ ಉಸಿರು ನಿಂತಿತು. ಈಗ ಬಟ್ಟೆ ಸರಿಸಿ, ಏನಪ್ಪಾ ಇವಳು ಹೀಗಂತಾಳೆ ಎಂದು ಕೇಳಿದರೆ? ಇಷ್ಟು ಹೊತ್ತು ಯಾಕೆ? ಅವನ ಮಂಡಿ ಅಲುಗಿತು.

ಆಮೇಲೆ ಆ ಮುದಿ ಕೈ ನನ್ನ ನೆತ್ತಿಯ ಮೇಲೆ ಕೂತಿತು. "ಜೀವ ಉಳಿಸ್ಕೊಳಕೆ ತೆಗೆದಿಟ್ರೆ ಅದು ತಪ್ಪಲ್ಲ ಮಗಳೇ," ಎಂದು ಅಯ್ಯನವರು ಕಿವಿಯಲ್ಲಿ ಹೇಳಿದರು. ಶಲ್ಯ ಸರಿಸಿದರು. ಅವರ ಮುಖದಲ್ಲಿ ಏನೂ ಇರಲಿಲ್ಲ.

"ಇವತ್ತು ಕಟ್ಟಕೆ ಬರಲ್ಲ ಶಂಕರಲಿಂಗಪ್ಪ. ಹೊತ್ತು ಮೀರೈತೆ. ಇವಳು ಉಪವಾಸ ಇದ್ದು ಇಲ್ಲೇ ಹೆಂಗಸರ ಜೊತೆ ಮಲಗ್ಲಿ. ನೀನು ಮನೆಗೋಗಿ ಹುಡುಕು. ಹಳೇ ಲಿಂಗ ಸಿಕ್ರೆ ಅದೇ ಶ್ರೇಷ್ಠ."

"ಹುಡುಕ್ತೀನಿ ಬುದ್ಧಿ," ಎಂದು ಅವನು ಅಡ್ಡಬಿದ್ದು ಹೋದ. ಅವನ ಬೆನ್ನು ಮರೆಯಾದ ಮೇಲೆ ಅಯ್ಯನವರು ಕೋಲು ಹಿಡಿದು, ತಾವೇ ನಡೆದುಕೊಂಡು ಪೊಲೀಸ್ ಠಾಣೆಗೆ ಹೊರಟರು. ನಾನು ಕಂಬ ಹಿಡಿದು ಕೂತವಳು ಬೆಳಗಾಗುವವರೆಗೆ ಅದನ್ನು ಬಿಡಲಿಲ್ಲ.

ಬೆಳಗ್ಗೆ ಪೊಲೀಸಿನವರು, ಅಯ್ಯನವರು, ನಾನು ಹೋದಾಗ ಮನೆಯ ನೆಲವೆಲ್ಲ ಅಗೆದಿತ್ತು. ಬಚ್ಚಲ ಕಲ್ಲುಗಳೆಲ್ಲ ಎದ್ದಿದ್ದವು. ಅವನು ಹಿತ್ತಲಲ್ಲಿ ಮಂಡಿಯೂರಿ, ಜರಡಿ ಹಿಡಿದು ಗುಣಿಯ ಮಣ್ಣನ್ನು ಜಾಲಿಸುತ್ತಿದ್ದ. ಉಗುರುಗಳಲ್ಲಿ ರಕ್ತ. ಪೊಲೀಸಿನವರನ್ನು ಕಂಡು ಓಡಲಿಲ್ಲ. ಅವರು ಕಟ್ಟೆಯ ಕಡೆಗೆ ಹೆಜ್ಜೆ ಇಟ್ಟಾಗ ಮಾತ್ರ ಎದ್ದು, "ಚಪ್ಪಲಿ ಬುಟ್ಟು ಬನ್ನಿ ಸ್ವಾಮಿ, ಸಮಾಧಿ ಅದು," ಅಂದ. ಆ ಮಾತು ಬಾಯಿಂದ ಬಿದ್ದ ಮೇಲೆ ಇನ್ಸ್‌ಪೆಕ್ಟರಿಗೆ ಬೇರೇನೂ ಕೇಳುವ ಅಗತ್ಯವಿರಲಿಲ್ಲ.

ಗುಣಿಯ ಕಡೆಯಿಂದಲೇ ಅಗೆದರು. ನಮ್ಮಕ್ಕ ಕೂತಿದ್ದಳು. ಅವನು ಊಟಕ್ಕೆ ಕೂತು ಹೇಳಿದನಲ್ಲ, ಒಂದೂ ಬಿಡದೆ ಹಾಗೆಯೇ ಕೂತಿದ್ದಳು. ಪದ್ಮಾಸನ, ಸುತ್ತ ವಿಭೂತಿ, ಎಡಗೈಯ ಮೂಳೆಗಳ ನಡುವೆ ಲಿಂಗ, ಪಕ್ಕದಲ್ಲಿ ಕಪ್ಪಾದ ಬೆಳ್ಳಿ ಕರಡಿಗೆ. ಹೊರಗೆ ಬೀದಿಯಲ್ಲಿ ಸುದ್ದಿ ತಿಳಿದ ಮುನಿಯಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ಅವಳ ಗಂಡ ಬೆಂಗಳೂರಿನ ಜೈಲಿನಿಂದ ಹಿಂದಕ್ಕೆ ಬಂದದ್ದು, ಬಂದವನು ಯಾರ ಜೊತೆಗೂ ಮಾತಾಡದೆ ಎಮ್ಮೆಗಳ ಹತ್ತಿರ ಹೋಗಿ ಕೂತದ್ದು ಎಲ್ಲ ಆಮೇಲಿನ ಮಾತು. ಅತ್ತೆ ಜಗಲಿಯ ಮೇಲೆ ಕೂತು ಇನ್ಸ್‌ಪೆಕ್ಟರಿಗೆ ಚೀಲದ ವಿಷಯ ಹೇಳುತ್ತಿದ್ದರು. ನಾನು ಅಕ್ಕನನ್ನು ನೋಡುತ್ತ ನಿಂತೆ. ಅವ್ವಾ, ನೀರಿಗೆ ಹಾಕಿಲ್ಲ ಕಣೇ ಎಂದು ಮನಸ್ಸಿನಲ್ಲೇ ಹೇಳಿದೆ. ಹೇಳಿ, ಅದಕ್ಕೆ ಸಮಾಧಾನ ಪಟ್ಟೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಬೇಡಿ ಹಾಕಿ ಅವನನ್ನು ಕರೆದುಕೊಂಡು ಹೊರಟರು. ನನ್ನ ಮುಂದೆ ಬಂದಾಗ ನಿಂತ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು.

"ಕಮಲಿ," ಅಂದ, "ನಿನ್ ಲಿಂಗ ಸಿಕ್ತಾ?"

ಸುಳ್ಳಲ್ಲ, ನಾಟಕವಲ್ಲ. ನಿಜವಾಗಿಯೂ ಆತಂಕದಿಂದ ಕೇಳಿದ. ನಾನು ಕಟ್ಟೆಯ ಹತ್ತಿರ ಹೋಗಿ, ಆರಿದ ದೀಪ ಪಕ್ಕಕ್ಕಿಟ್ಟು, ಗೂಡಿನೊಳಗೆ ಕೈ ಹಾಕಿದೆ. ಮಸಿ ಹಿಡಿದಿದ್ದ ಲಿಂಗವನ್ನು ಸೆರಗಿನಲ್ಲಿ ಒರೆಸಿ, ಎಡಗೈಯಲ್ಲಿಟ್ಟು ತೋರಿಸಿದೆ.

"ಕಳ್ದಿರ್ಲಿಲ್ಲ," ಅಂದೆ. "ನಾನೇ ಬಿಚ್ಚಿ ನಮ್ಮಕ್ಕನ ಕೈಗೆ ಕೊಟ್ಟಿದ್ದೆ."

ಅವನು ಗೂಡು ನೋಡಿದ, ನನ್ನ ಬರಿದಾದ ಕೊರಳು ನೋಡಿದ. ಆ ಮನೆಗೆ ಕಾಲಿಟ್ಟ ದಿನದಿಂದ ನಾನು ಅವನಿಗೆ ಹೆದರಿದ್ದೆ. ಆಗ ಅವನು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಪೊಲೀಸಿನವನ ಮರೆಗೆ ನಿಂತ.